ಕೂಗಮ್ಮನ ಗುಡ್ಡದಿಂದ ಬಂದ ಮೂಕ ಕರೆ

ಹನುಮಂತಪ್ಪನ ಫೋನಿಗೆ ಯಾರು ಕರೆ ಮಾಡಿದರೂ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಒಂದೇ ಉತ್ತರ ಬರುತ್ತಿತ್ತು. ಆದರೆ ಅದೇ ಫೋನಿನಿಂದ 112ರ ತುರ್ತು ಸಹಾಯವಾಣಿಗೆ ಹಿಂದಿನ ಸಂಜೆಯಿಂದ ಕರೆಗಳು ಹೋಗುತ್ತಲೇ ಇದ್ದವು. ಎತ್ತಿಕೊಂಡವರಿಗೆ ಮಾತು ಕೇಳುತ್ತಿರಲಿಲ್ಲ, ಉಸಿರು ಕೇಳುತ್ತಿತ್ತು. ಉಸಿರಿನ ಹಿಂದೆ ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಒಮ್ಮೊಮ್ಮೆ ಗಂಟೆಯ ಸಣ್ಣ ದನಿ. “ಹೇಳಿ, ಏನು ತೊಂದರೆ?” ಎಂದೊಡನೆ ಆ ಉಸಿರೂ ಗಪ್ಪನೆ ನಿಂತುಬಿಡುತ್ತಿತ್ತು. ಆಮೇಲೆ ಕರೆ ಕಡಿದುಹೋಗುತ್ತಿತ್ತು.

ಸಿಮ್ಮು ಮಗಳು ಅರ್ಪಿತಾಳ ಹೆಸರಿನಲ್ಲಿತ್ತು. ನ್ಯಾಮತಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಅವಳು ವಿಷಯ ತಿಳಿದ ಕೂಡಲೇ ಮೊದಲ ಬಸ್ಸು ಹಿಡಿದಳು. ಹೊನ್ನಾಳಿ, ದಾವಣಗೆರೆ, ಜಗಳೂರು ದಾಟಿ ಸೊಕ್ಕೆಯ ಆಚೆಗಿನ ತನ್ನ ಹಟ್ಟಿಯಲ್ಲಿ ಇಳಿಯುವ ಹೊತ್ತಿಗೆ ಪೊಲೀಸರ 112 ಗಾಡಿ ಬಂದು ನಿಂತಿತ್ತು. ಬಾನೆಟ್ಟಿನ ಮೇಲೆ ಗುಡ್ಡದ ನಕ್ಷೆ ಹರಡಿಕೊಂಡು, ಬಾಯಲ್ಲಿ ಅಡಿಕೆ ಹೋಳು ಅಗಿಯುತ್ತ ನಿಂತಿದ್ದವನು ಕಾನ್‌ಸ್ಟೇಬಲ್ ಪ್ರವೀಣ್ ಕುಮಾರ್.

“ಅದ್ಹೆಂಗೆ ಸರ್? ನಾನು ಮಾಡಿದ್ರೆ ಹೋಗಲ್ಲ, ಅಲ್ಲಿಂದ ಮಾತ್ರ ಬರ್ತೈತಾ?” ಎಂದು ಅರ್ಪಿತಾ ಕೇಳಿದಳು.

“ನಿಮ್ಮಪ್ಪನ ಕಂಪನಿ ಟವರು ಅಲ್ಲಿ ಸಿಗ್ತಿಲ್ಲ ಸಿಸ್ಟರ್, ಅದಕ್ಕೆ ನಮ್ಮ ಕರೆ ಮುಟ್ಟಲ್ಲ. ತುರ್ತು ಕರೆಗೆ ಹಂಗಿಲ್ಲ. ಯಾವ ಕಂಪನಿ ಟವರಾದ್ರೂ ದಾರಿ ಬಿಡ್ತೈತೆ. ಫೋನಿಗೆ ಬೀಗ ಹಾಕಿದ್ರೂ ಹೋಗ್ತೈತೆ.”

ಬೀಗ ಹಾಕಿದವಳು ಅರ್ಪಿತಾಳೇ. ಅಪ್ಪನ ಎಲೆಯಡಿಕೆ ಚೀಲದೊಳಗೆ ಬಿದ್ದುಕೊಂಡಿರುತ್ತಿದ್ದ ಆ ಫೋನು ಹೊತ್ತುಗೊತ್ತಿಲ್ಲದೆ ಯಾರ‍್ಯಾರಿಗೋ ಕರೆ ಮಾಡುತ್ತಿತ್ತೆಂದು ಕಳೆದ ಸಲ ಬಂದಾಗ ಬೀಗ ಹಾಕಿ ಹೋಗಿದ್ದಳು. ಕಷ್ಟಕಾಲಕ್ಕಿರಲಿ ಎಂದು, ಬದಿಯ ಗುಂಡಿಯನ್ನು ಐದಾರು ಸಲ ಒತ್ತಿದರೆ 112ಕ್ಕೆ ಕರೆ ಹೋಗಿ, ಅತ್ತಣ ದನಿ ಜೋರಾಗಿ ಕೇಳುವಂತೆಯೂ ಹೊಂದಿಸಿದ್ದಳು. ಹೇಳಿಕೊಟ್ಟದ್ದಕ್ಕೆಲ್ಲ ಅಪ್ಪ “ಹೂಂ” ಎಂದಿದ್ದ. ಕಲಿತಂತೆ ಕಂಡಿರಲಿಲ್ಲ.

ತುಂಬು ಗಬ್ಬದ ಮೇಕೆಯೊಂದು ಮಂದೆ ತಪ್ಪಿತೆಂದು ಹನುಮಂತಪ್ಪ ಹಿಂದಿನ ಮಧ್ಯಾಹ್ನ ಕೂಗಮ್ಮನ ಗುಡ್ಡ ಹತ್ತಿದ್ದ. ಸಂಜೆ ಹಟ್ಟಿಯವರು ಕೆಳಗಿನ ಪೊದೆಗಳನ್ನೆಲ್ಲ ಸೋಸಿ ಬರಿಗೈಯಲ್ಲಿ ಬಂದಿದ್ದರು. ಬೇಸಗೆಯ ಬಿಸಿಲು, ಅವನಿಗೆ ಸಕ್ಕರೆ ಕಾಯಿಲೆ. ನೀರಿಲ್ಲದೆ, ಗುಳಿಗೆಯಿಲ್ಲದೆ ಇನ್ನೊಂದು ರಾತ್ರಿ ದಾಟುವುದು ಕಷ್ಟವೆಂದು ಅರ್ಪಿತಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಅವನು ಸಿಗಬೇಕಿತ್ತು. ಎಲ್ಲಿದ್ದಾನೆಂದು ಮಾತ್ರ ಯಾರಿಗೂ ತಿಳಿಯದು. ಟವರಿನ ಲೆಕ್ಕಕ್ಕೆ ಆ ಇಡೀ ಗುಡ್ಡವೇ ಒಂದು ಚುಕ್ಕೆ.

ಹೊರಟವರು ನಾಲ್ವರು. ಅರ್ಪಿತಾ, ಪ್ರವೀಣ್ ಕುಮಾರ್, ಗುಡ್ಡದ ಕಾವಲಿಗಿದ್ದ ಅರಣ್ಯ ಇಲಾಖೆಯ ವಾಚರ್ ತಿಪ್ಪೇರುದ್ರ, ಮತ್ತು ಹನುಮಂತಪ್ಪನ ಅಕ್ಕ ಗಿಡ್ಡಮ್ಮ. ಅರವತ್ತು ದಾಟಿದ ಗಿಡ್ಡಮ್ಮನನ್ನು ಬಿಟ್ಟುಹೋಗಲು ಪ್ರವೀಣ್ ಕುಮಾರ್ ನೋಡಿದ.

“ಅಜ್ಜಿ, ನೀವು ಇಲ್ಲೇ ಇರ್ರಿ. ಹತ್ತಾಕೆ ಆಗಂಗಿಲ್ಲ.”

“ನಾನು ಹತ್ತಂಗಿಲ್ವಾ? ನಿಮ್ಮ ಹೊಟ್ಟೆ ನೋಡಿದ್ರೆ ನಿಮ್ಮನ್ನೇ ನಾನು ಹೊತ್ಕೊಂಡು ಹೋಗ್ಬೇಕಾಗ್ತೈತಿ, ಸಾಹೇಬ್ರೇ,” ಎಂದು ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ನಡೆದಳು.

ಗುಡ್ಡದ ಬುಡದಲ್ಲಿ ಉಪ್ಪುಗಲ್ಲು ಎಂಬ ಚಪ್ಪಟೆ ಬಂಡೆ. ಗಿಡ್ಡಮ್ಮ ಮಡಿಲಿನಿಂದ ಹಿಡಿ ಉಪ್ಪು ತೆಗೆದು ಒಂದು ಚಿಟಿಕೆ ಅದರ ಮೇಲಿಟ್ಟಳು. ಒಬ್ಬೊಬ್ಬರ ನಾಲಗೆಗೂ ಒಂದೊಂದು ಹರಳು ಮುಟ್ಟಿಸಿದಳು.

“ಇಲ್ಲಿಂದ ಮ್ಯಾಲೆ ಯಾರೂ ಯಾರ ಹೆಸರೂ ಹಿಡೀಬಾರದು. ನಿಮ್ಮೂರು ಯಾವ್ದ್ರೀ?”

“ಚನ್ನಗಿರಿ ತಾಲೂಕು, ಕೆರೆಬಿಳಚಿ.”

“ಹಂಗಾರೆ ನೀವು ಅಡಿಕೆ. ಇವನ ಕೈಲಿ ಕೋಲೈತೆ, ಇವನು ಕೋಲು. ನಮ್ಮ ಹುಡುಗಿ ಸೂಜಿ. ನಾನು ಮುದುಕಿ. ಅದಕ್ಕೆ ಬೇರೆ ಹೆಸರು ಬೇಕಿಲ್ಲ.”

“ಅತ್ತೆ, ಅಪ್ಪ ಅಲ್ಲಿ ಸಾಯಾಕೆ ಬಿದ್ದಾನೆ. ನೀನು ಇಲ್ಲಿ ನಾಮಕರಣ ಮಾಡ್ತಾ ಕುಂತೀಯ?” ಎಂದು ಅರ್ಪಿತಾ ಸಿಡಿದಳು.

ಗಿಡ್ಡಮ್ಮ ಉಳಿದ ಉಪ್ಪನ್ನು ಗಂಟು ಕಟ್ಟಿಕೊಂಡು ಹತ್ತತೊಡಗಿದಳು.

ಆ ಗುಡ್ಡಕ್ಕೆ ಹೆಸರು ಕೊಟ್ಟ ಕೂಗಮ್ಮ ಯಾರೆಂಬ ವಿಷಯದಲ್ಲಿ ಹಟ್ಟಿಯಿಂದ ಹಟ್ಟಿಗೆ ಕತೆ ಬೇರೆಯಾಗುತ್ತದೆ. ಗುಡ್ಡದ ಪಡುವಣ ಮಗ್ಗುಲಿನವರ ಪ್ರಕಾರ ಅವಳು ಮಳೆಯಲ್ಲಿ ಕಳೆದುಹೋದ ಮಗುವನ್ನು ಕೂಗುತ್ತ ಕೂಗುತ್ತಲೇ ಎದೆಯೊಡೆದು ಸತ್ತ ತಾಯಿ. ಮೂಡಣ ಮಗ್ಗುಲಿನವರ ಪ್ರಕಾರ, ಗಂಡ ಕರೆದನೆಂದು ಓಗೊಟ್ಟು ಗವಿಯೊಳಗೆ ಹೋದ ಸೊಸೆ, ಕರೆದದ್ದು ಗಂಡನಾಗಿರಲಿಲ್ಲ. ಎರಡು ಪಾಠಗಳೂ ಒಂದು ಮಾತಿನಲ್ಲಿ ಮಾತ್ರ ಕೂಡುತ್ತವೆ. ಅವಳಿಗಿರುವುದು ಎರಡು ಕೂಗಿಗೆ ಸಾಲುವಷ್ಟು ಉಸಿರು. ಮೂರನೆಯದನ್ನು ಕೂಗಲಾರಳು, ಉಪ್ಪಿನ ಹೆಸರೆತ್ತಲಾರಳು. ಆದ್ದರಿಂದ ಆ ಗುಡ್ಡದಲ್ಲಿ ಯಾರನ್ನಾದರೂ ಕರೆಯಲೇಬೇಕಾಗಿ ಬಂದರೆ ಮೂರು ಸಲ ಕರೆದು, ಮೂರನೆಯದರ ಬೆನ್ನಿಗೆ ‘ಉಪ್ಪುಂಡ ಬಾಯಿ ಕರೀತೈತೆ’ ಎನ್ನಬೇಕು. ಅಷ್ಟಾಗುವ ತನಕ ಕೇಳಿಸಿಕೊಂಡವರು ಓಗೊಡಬಾರದು. ಹೆತ್ತ ತಾಯಿಯ ದನಿಯಾದರೂ ಅಷ್ಟೇ.

ದಾರಿ ಬರಬರುತ್ತ ಕಡಿದಾಯಿತು. ಎಲೆ ಉದುರಿಸಿಕೊಂಡ ದಿಂಡಿಗದ ಮರಗಳು ಬೂದಿ ಬಳಿದಂತೆ ಬೆಳ್ಳಗೆ ನಿಂತಿದ್ದವು. ಕಮರದ ಮರಗಳ ಕೊಂಬೆಗಳಲ್ಲಿ ಮಾತ್ರ ಒಂದಿಷ್ಟು ಹಸಿರು ಉಳಿದಿತ್ತು. ಆನೆಯ ಮೈಬಣ್ಣದ ಬಂಡೆಗಳು ಒಂದರ ಮೇಲೊಂದು ಒರಗಿ, ನಡುವೆ ನೂರಾರು ಸಂದುಗಳು, ಗವಿಗಳು. ಪ್ರತಿಯೊಂದರ ಬಾಯಿಂದಲೂ ತಣ್ಣನೆಯ ಗಾಳಿ ಯಾರೋ ಒಳಗೆ ಮಲಗಿ ಉಸಿರಾಡುವಂತೆ ಹೋಗಿ ಬಂದು ಮಾಡುತ್ತಿತ್ತು. ದೂರದ ಬೋರೆಗಳ ಮೇಲೆ ಗಾಳಿಯಂತ್ರಗಳ ಸಾಲು ಸದ್ದಿಲ್ಲದೆ ತಿರುಗುತ್ತಿತ್ತು. ಒಮ್ಮೆ ನಾಲ್ಕು ಕೊಂಬಿನ ಕೊಂಡುಕುರಿಯೊಂದು ಬಂಡೆಯ ಮೇಲೆ ನಿಂತು ಅವರನ್ನು ನೋಡಿತು. ಸಾಮಾನ್ಯವಾಗಿ ಮನುಷ್ಯರ ವಾಸನೆಗೇ ಓಡುವ ಆ ಪ್ರಾಣಿ ಅಂದು ಓಡಲಿಲ್ಲ. ಅವರ ಹಿಂದೆ ಯಾರೋ ಬರುತ್ತಿರುವಂತೆ ಅವರನ್ನು ದಾಟಿ ಕೆಳಗೆ ದಿಟ್ಟಿಸಿತು. ಅರ್ಪಿತಾ ತಿರುಗಿ ನೋಡಿದಳು. ದಾರಿ ಬರಿದಾಗಿತ್ತು.

ಗವಿ ಗವಿಗೂ ಟಾರ್ಚು ಬಿಟ್ಟು ಹುಡುಕಿದರು. ಹೆಜ್ಜೆ ಗುರುತಿಲ್ಲ, ಹಿಕ್ಕೆಯಿಲ್ಲ. ಮಟಮಟ ಮಧ್ಯಾಹ್ನವಾಯಿತು. ಹಕ್ಕಿಗಳೂ ಬಾಯಿ ಮುಚ್ಚಿದವು. ತಾಳ್ಮೆಗೆಟ್ಟ ಪ್ರವೀಣ್ ಕುಮಾರ್ ಕೈಯೆರಡನ್ನೂ ಬಾಯಿಗಿಟ್ಟು ಕೂಗಿಬಿಟ್ಟ.

“ಹನುಮಂತಪ್ಪಾ...!”

ದನಿ ಎದುರು ಬಂಡೆಗೆ ಬಡಿದು ಮರಳಬೇಕಿತ್ತು. ಮರಳಲಿಲ್ಲ. ನಾಲ್ವರೂ ಕಾದರು. ಇನ್ನು ಬರುವುದಿಲ್ಲವೆಂದು ಹೆಜ್ಜೆ ಎತ್ತಿದ ಮೇಲೆ, ಬೇರೆಯದೇ ದಿಕ್ಕಿನಿಂದ, ತೆಳ್ಳಗೆ, ಹೆಣ್ಣುದನಿಯಂತೆ ಬಂತು: ಹನುಮಂತಪ್ಪಾ...

“ಪ್ರತಿಧ್ವನಿ,” ಎಂದ ಪ್ರವೀಣ್ ಕುಮಾರ್. ಬಾಯಲ್ಲಿದ್ದ ಅಡಿಕೆಯನ್ನು ಅಗಿಯುವುದನ್ನು ಮಾತ್ರ ನಿಲ್ಲಿಸಿದ್ದ.

“ಹೂಂ, ಪ್ರತಿಧ್ವನಿ,” ಎಂದ ತಿಪ್ಪೇರುದ್ರ. “ಇನ್ನೊಂದು ಸಲ ಹಂಗೆ ಮಾಡ್ಬೇಡ್ರಿ ಅಡಿಕೆ ಸಾಹೇಬ್ರೇ.”

ನೆತ್ತಿಯ ದಿಣ್ಣೆ ಮುಟ್ಟಿದಾಗ ಪ್ರವೀಣನ ವಾಕಿಟಾಕಿ ಬರಿಯ ಗರಗರ ಸದ್ದಾಗಿತ್ತು. ಅರ್ಪಿತಾ ತನ್ನ ಫೋನು ತೆಗೆದಳು. ಸಿಗ್ನಲ್ಲಿನ ಗೆರೆಗಳಿಲ್ಲ, ಅವುಗಳ ಜಾಗದಲ್ಲಿ ‘ತುರ್ತು ಕರೆಗಳು ಮಾತ್ರ’ ಎಂಬ ಅಕ್ಷರ. ಬೀಗದ ಪರದೆಯನ್ನು ತೆರೆಯದೆ ಹಾಗೆಯೇ ಕೆಳಗಿನ ‘ತುರ್ತು ಕರೆ’ಯನ್ನು ಒತ್ತಿ 112 ಎಂದು ಹೊಡೆದಳು. ತನ್ನ ಕಂಪನಿಯದಲ್ಲದ ಯಾವುದೋ ಟವರು ಆ ಕರೆಯನ್ನು ಎತ್ತಿಕೊಂಡಿತು.

“ನಮಸ್ಕಾರ, ತುರ್ತು ಸಹಾಯವಾಣಿ.”

“ಜಗಳೂರು ಗುಡ್ಡದಿಂದ ಮಾತಾಡ್ತಿದೀನಿ ಮೇಡಂ. ನನ್ನ ಹೆಸರು ಅರ್ಪಿತಾ. ಹನುಮಂತಪ್ಪನ ಮಗಳು.”

ಗಿಡ್ಡಮ್ಮ ತನ್ನ ಬಾಯಿಗೆ ತಾನೇ ಬಡಿದುಕೊಂಡಳು. “ಅಯ್ಯೋ ಹುಡುಗಿ! ಹೆಸರು ಹೇಳ್ಬಿಟ್ಯಲ್ಲೇ!”

ಅರ್ಪಿತಾ ಅತ್ತ ಲಕ್ಷ್ಯ ಕೊಡಲಿಲ್ಲ. ಕರೆ ಮಾಲಾ ಎಂಬವಳ ಕೈಗೆ ಹೋಯಿತು. ಬೆಳಗಿನಿಂದ ಆ ಮೂಕ ಕರೆಗಳನ್ನು ಎತ್ತಿಕೊಳ್ಳುತ್ತಿದ್ದವಳು ಅವಳೇ.

“ಈಗಷ್ಟೇ ಇನ್ನೊಂದು ಸಲ ಬಂದಿತ್ತು ಮೇಡಂ. ಈ ಸಲ ಹೆಸರು ಹಿಡಿದೇ ಕರೆದೆ. ‘ಹನುಮಂತಪ್ಪ ಅವರೇ, ಮಾತಾಡಿ’ ಅಂದೆ. ಉಸಿರು ನಿಂತ್ಹೋಯ್ತು. ಎರಡನೇ ಸಲ ಕರೆದಾಗ ಯಾರೋ ಬಾಯಿಗೆ ಬಟ್ಟೆ ಒತ್ಕೊಂಡು ಅತ್ತಂಗೆ ಕೇಳ್ತು. ಅಷ್ಟರಲ್ಲಿ ಕಟ್ ಆಯ್ತು.”

“ಎರಡೇ ಸಲ ಕರೆದ್ರಾ?”

“ಹೌದು. ಯಾಕ್ರೀ?”

ಅರ್ಪಿತಾಳಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಕತ್ತಲ ಗವಿಯಲ್ಲಿ ಅಪ್ಪ ಮಲಗಿದ್ದಾನೆ. ಎಲೆಯಡಿಕೆ ಚೀಲ ಅವನ ಮೈಯಡಿ ಸಿಕ್ಕಿಕೊಂಡಿದೆ. ಮಗ್ಗುಲು ಹೊರಳಿಸಿದಾಗಲೆಲ್ಲ ಬದಿಯ ಗುಂಡಿ ಕಲ್ಲಿಗೆ ಮತ್ತೆ ಮತ್ತೆ ಒತ್ತಿ ಕರೆ ಹೋಗುತ್ತಿದೆ. ಅದು ಅವನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಇಷ್ಟೇ: ತನ್ನ ಮೈ ಕೆಳಗಿನ ಕಲ್ಲಿನಿಂದ ಗುರುತಿಲ್ಲದ ಹೆಣ್ಣೊಬ್ಬಳು ತನ್ನ ಹೆಸರು ಹಿಡಿದು ಕರೆಯುತ್ತಾಳೆ. ಒಂದು ಸಲ. ಎರಡು ಸಲ. ಮೂರನೆಯ ಸಲ ಕರೆಯುವುದಿಲ್ಲ.

“ಅತ್ತೆ,” ಎಂದಳು ಮೆಲ್ಲಗೆ, “ಅಪ್ಪನಿಗೆ ಎಲ್ಲಾ ಕೇಳಿಸ್ತೈತೆ. ಬೇಕಂತಲೇ ಓಗೊಡ್ತಿಲ್ಲ.”

“ಮತ್ತೆ? ನನ್ನ ತಮ್ಮ ದಡ್ಡ ಅಲ್ಲ,” ಎಂದಳು ಗಿಡ್ಡಮ್ಮ. ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು, ನಡುಕವೂ ಇತ್ತು. “ಪ್ರಾಣ ಹೋದ್ರೂ ಓ ಅನ್ನಂಗಿಲ್ಲ ಅವನು.”

ಅರ್ಪಿತಾ ಫೋನನ್ನು ಕಿವಿಗೊತ್ತಿಕೊಂಡಳು. “ಮೇಡಂ, ಮುಂದಿನ ಸಲ ಬಂದ್ರೆ ಬೇರೆ ಏನೂ ಕೇಳ್ಬೇಡ್ರಿ. ಮೂರು ಸಲ ಹೆಸರು ಹಿಡಿದು ಕರೀರಿ. ಬಿಡುವು ಕೊಡದಂಗೆ ಕರೀರಿ. ಮೂರನೇದು ಆದ ಮೇಲೆ ‘ಉಪ್ಪುಂಡ ಬಾಯಿ ಕರೀತೈತೆ’ ಅನ್ರಿ.”

ಅತ್ತ ಮಾಲಾ ಬರೆದುಕೊಳ್ಳುವ ಸದ್ದು ಕೇಳಿತು.

“ನಮಗೆ ಹೇಳಿಕೊಟ್ಟಿರೋ ಮಾತಲ್ಲಿ ಇದು ಇಲ್ಲ ಮೇಡಂ.”

“ಗೊತ್ರೀ. ನಾನೂ ನರ್ಸು. ನಗ್ಬೇಡ್ರಿ.”

“ನಗ್ತಿಲ್ಲ.” ಮಾಲಾಳ ದನಿ ತಗ್ಗಿತು, ಕಚೇರಿಯ ಮಾತು ಕಳಚಿ ಊರ ಮಾತು ಬಂತು. “ನಮ್ಮೂರು ಸಾಸ್ವೆಹಳ್ಳಿ. ಹೊಳೆ ದಂಡೇಲಿ ಮನೆ. ಹೊತ್ತು ಮುಳುಗಿದ್ರೆ ನಮ್ಮಜ್ಜಿನೂ ಒಂದೇ ಕೂಗಿಗೆ ಬಾಗ್ಲು ತೆಗೀತಿರಲಿಲ್ಲ. ಹೇಳ್ರಿ, ಆ ಮಾತು ಇನ್ನೊಂದು ಸಲ ಹೇಳ್ರಿ. ಲೈನಲ್ಲೇ ಇರ್ರಿ. ಆ ನಂಬರು ಯಾರಿಗೆ ಬಂದ್ರೂ ನನಗೆ ಕೊಡಾಕೆ ಹೇಳಿದೀನಿ.”

ಕಾಯುವುದು ಶುರುವಾಯಿತು. ಬಂಡೆ ಕಾದ ಹಂಚಾಗಿತ್ತು. ನಾಲ್ವರೂ ಆ ಪುಟ್ಟ ಫೋನಿನ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತರು. ಅಪ್ಪ ಮಗ್ಗುಲು ಹೊರಳಿಸಿದರೆ ಕರೆ ಬರುತ್ತದೆ, ಹೊರಳಿಸಲೂ ಶಕ್ತಿಯಿಲ್ಲದಿದ್ದರೆ? ಅಥವಾ ಆ ಫೋನಿನ ಚಾರ್ಜು ಮುಗಿದಿದ್ದರೆ? ನೆರಳುಗಳು ಬಂಡೆಗಳ ಬುಡದಿಂದ ಹೊರಬಂದು ಉದ್ದವಾಗತೊಡಗಿದವು.

ಫೋನಿನೊಳಗೆ ಏನೋ ಗಡಿಬಿಡಿ. ಯಾರೋ ಕುರ್ಚಿ ಎಳೆದರು. “ಬಂತು!” ಎಂದಿತು ದೂರದ ದನಿಯೊಂದು.

ಆಮೇಲೆ ಮಾಲಾ ಇನ್ನೊಂದು ಫೋನಿನೊಳಗೆ ಕರೆಯುವುದು ಕೇಳಿತು.

“ಹನುಮಂತಪ್ಪಾ...”

“ಹನುಮಂತಪ್ಪಾ...”

ಗಿಡ್ಡಮ್ಮ ಉಪ್ಪಿನ ಗಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಹನುಮಂತಪ್ಪಾ! ಉಪ್ಪುಂಡ ಬಾಯಿ ಕರೀತೈತೆ!”

ನಾಲ್ವರೂ ಫೋನಿನತ್ತ ಬಾಗಿದರು.

“‘ಓ’ ಅಂದ್ರು!” ಮಾಲಾ ಚೀರಿದಳು. “ಅಳ್ತಿದ್ದಾರೆ ಮೇಡಂ. ಹೇಳ್ರಿ ಯಜಮಾನ್ರೇ, ಎಲ್ಲಿದ್ದೀರಿ? ಏನ್ ಕಾಣ್ತೈತೆ? ...ಕಾಲಿನ ಮ್ಯಾಲೆ ಚಪ್ಪಡಿ ಬಿದ್ದೈತಂತೆ. ...ಮೇಕೆ ಪಕ್ಕದಲ್ಲೇ ಐತಂತೆ. ...ಒಂದು ಸಂದು ಐತಂತೆ, ಅದ್ರಾಗೆ ಒಂದೇ ಒಂದು ಗಾಳಿಫ್ಯಾನು ಕಾಣ್ತೈತಂತೆ. ತಿರುಗಲ್ವಂತೆ, ನಿಂತೈತಂತೆ. ...ಅಯ್ಯೋ, ಕಟ್ ಆಯ್ತು.”

ಅಷ್ಟು ಸಾಕಾಗಿತ್ತು.

ತಿಪ್ಪೇರುದ್ರ ಆಗಲೇ ಎದ್ದು ಹಣೆಗೆ ಕೈ ಹಿಡಿದು ನೋಡುತ್ತಿದ್ದ. ಸಾಲಿನ ಯಂತ್ರಗಳೆಲ್ಲ ತಿರುಗುತ್ತಿದ್ದವು. ಮೂಡಣ ಬೋರೆಯ ತುದಿಯಲ್ಲಿ ಮಾತ್ರ ಒಂದು, ರೆಕ್ಕೆ ಚಾಚಿ ಸುಮ್ಮನೆ ನಿಂತಿತ್ತು.

“ಮೂಡಣ ಮಗ್ಗುಲು,” ಎಂದ. “ಕರಡಿ ಗವಿ ಕಡೆ. ಜಾರೋ ಬಂಡೆ ಐತೆ, ಹಗ್ಗ ಬಿಡ್ಬೇಡ್ರಿ.”

ತಿಪ್ಪೇರುದ್ರ ತಂದಿದ್ದ ಹಗ್ಗವನ್ನು ಒಬ್ಬರ ಸೊಂಟಕ್ಕೊಬ್ಬರು ಬಿಗಿದುಕೊಂಡು ಮೂಡಣ ಇಳಿಜಾರಿನ ಅಂಚಿನಲ್ಲಿ ತೆವಳಿದರು. ಕೆಳಗೆ ತಾಳೆಮರದಾಳದ ಕಮರಿ. ಪ್ರವೀಣ್ ಕುಮಾರನ ಕಾಲಡಿಯ ಕಲ್ಲೊಂದು ಕಳಚಿ ಉರುಳಿತು. ತಳ ಮುಟ್ಟಿದ ಸದ್ದು ಬಹಳ ತಡವಾಗಿ ಬಂತು.

“ಅಜ್ಜಿ, ಹೊತ್ಕೊಂಡು ಹೋಗ್ತೀನಿ ಅಂದಿದ್ರಲ್ಲ, ಆ ಮಾತು ಇನ್ನೂ ಐತಾ?” ಎಂದನವನು, ಕಣ್ಣು ಮುಚ್ಚಿಕೊಂಡೇ.

“ಬಾಯಿ ಮುಚ್ಕೊಂಡು ಕಾಲು ಹಾಕು, ಅಡಿಕೆ.”

ನಿಂತ ಯಂತ್ರದ ಮೇಲೆ ಕಣ್ಣಿಟ್ಟು, ಉಳಿದವೆಲ್ಲ ಬಂಡೆಯ ಮರೆಗೆ ಸರಿದು ಅದೊಂದೇ ಕಾಣುವ ಜಾಗ ಹುಡುಕುತ್ತ ಹೋದರು. ಎರಡು ಬಂಡೆಗಳ ನಡುವೆ ಅದು ಚೌಕಟ್ಟು ಹಾಕಿಸಿದಂತೆ ಒಂಟಿಯಾಗಿ ಕಂಡಲ್ಲಿ ನಿಂತರು. ಕಾಲ ಬಳಿ, ಯಂತ್ರದತ್ತ ಓರೆಯಾಗಿ ಬಾಯ್ದೆರೆದ ಒಂದು ಬಿರುಕು. ಅಂಗೈ ಅಗಲ. ಒಳಗೆ ಕಗ್ಗತ್ತಲು.

ಗಿಡ್ಡಮ್ಮ ಬಿರುಕಿಗೆ ಬಾಯಿಟ್ಟು ಮಲಗಿದಳು. ಮೂರು ಸಲ ಕರೆದಳು. ಉಪ್ಪಿನ ಮಾತು ಆಡಿದಳು.

ಅವರ ಕಾಲಡಿಯಿಂದ, ಗುಡ್ಡವೇ ನರಳಿದಂತೆ ಉತ್ತರ ಬಂತು.

“ಓ... ಅಕ್ಕಾ...”

ಅರ್ಪಿತಾ ಮಂಡಿಯೂರಿ ಬಿಟ್ಟಳು. ಅಳಲು ಹೊತ್ತಿರಲಿಲ್ಲ. ನೀರಿನ ಬಾಟಲಿಗೆ ದಾರ ಕಟ್ಟಿ ಬಿರುಕಿನೊಳಗೆ ಇಳಿಬಿಟ್ಟಳು. ಬಹಳ ಹೊತ್ತಿನ ಮೇಲೆ ದಾರ ಎರಡು ಸಲ ಜಗ್ಗಿತು.

“ಅತ್ತೆ, ನೀನು ಇಲ್ಲೇ ಇರು. ಅಪ್ಪನ್ನ ಮಾತಾಡಿಸ್ತಾನೇ ಇರು. ನಿದ್ದೆ ಹೋಗಾಕೆ ಬಿಡ್ಬೇಡ. ನಿನ್ನ ದನಿ ಹಿಡ್ಕೊಂಡು ನಾವು ಒಳಗೆ ಬರ್ತೀವಿ.”

ಗವಿಯ ಬಾಯಿ ಬಂಡೆಯ ಬುಡದಲ್ಲಿತ್ತು. ಒಳಗೆ ಕಾಲಿಟ್ಟೊಡನೆ ಹಸಿ ರೋಮದ ನಾತ ಬಡಿಯಿತು. ತಿಪ್ಪೇರುದ್ರ ನೆಲ ಮುಟ್ಟಿ ನೋಡಿ, “ಹೊರಗೆ ಹೋಗೈತೆ. ಬ್ಯಾಗ ಮುಗಿಸ್ಬೇಕು,” ಎಂದ. ಯಾವುದು ಎಂದು ಯಾರೂ ಕೇಳಲಿಲ್ಲ.

ಗವಿ ಮೂರು ಕವಲಾಗಿತ್ತು. ಟಾರ್ಚಿನ ಬೆಳಕಿಗೆ ಬಾವಲಿಗಳು ಚೀರುತ್ತ ಎದ್ದವು. ಅವುಗಳ ಚೀರಾಟ ಅಡಗಿದಾಗ, ಕಲ್ಲಿನೊಳಗಿಂದ ಗಿಡ್ಡಮ್ಮನ ಬೈಗಳು ಸಣ್ಣಗೆ ಸೋಸಿ ಬರುತ್ತಿತ್ತು: “...ಒಂದು ಮೇಕೆಗೋಸ್ಕರ ಈ ವಯಸ್ಸಲ್ಲಿ ಗವಿ ಹೊಗ್ತಾರೇನೋ ಮುಠ್ಠಾಳ? ನಮ್ಮಪ್ಪನೂ ಹಿಂಗೇ...”

“ಎಡಕ್ಕೆ,” ಎಂದಳು ಅರ್ಪಿತಾ. ಆ ಬೈಗಳನ್ನು ದಾರದಂತೆ ಹಿಡಿದು ತೆವಳಿದಳು. ಒಂದು ಕಡೆ ಹೊಟ್ಟೆ ನೆಲಕ್ಕೊತ್ತಿ ನುಸುಳಬೇಕಾಯಿತು. ಪ್ರವೀಣ್ ಕುಮಾರ್ ಸಿಕ್ಕಿಕೊಂಡ. ಅವನನ್ನು ಇಬ್ಬರು ಎಳೆದರು. ಅಂಗಿಯ ಗುಂಡಿಗಳು ಉದುರಿದವು.

ಗಂಟೆಯ ದನಿ ಕೇಳಿತು. ಬೆಳಕಿನ ವೃತ್ತದೊಳಗೆ ಮೊದಲು ಮೇಕೆಯ ಕಣ್ಣುಗಳು ಹೊಳೆದವು. ಅದರ ಹೊಟ್ಟೆಯಡಿ ಇನ್ನೂ ಕಾಲು ಬಲಿಯದ ಮರಿ. ಅದರ ಪಕ್ಕದಲ್ಲಿ, ಕಾಲಿನ ಮೇಲೆ ಚಪ್ಪಡಿ ಬಿದ್ದು, ಬಾಯಿಗೆ ಟವೆಲ್ಲು ಒತ್ತಿಕೊಂಡು, ಹನುಮಂತಪ್ಪ.

ಅವನು ಅವಳನ್ನೇ ನೋಡಿದ. ಬಾಯಿ ತೆಗೆಯಲಿಲ್ಲ.

ಅರ್ಪಿತಾಳಿಗೆ ಅರ್ಥವಾಯಿತು. “ಅಪ್ಪಾ,” ಎಂದಳು. “ಅಪ್ಪಾ. ಅಪ್ಪಾ, ಉಪ್ಪುಂಡ ಬಾಯಿ ಕರೀತೈತೆ.”

“ಬಂದ್ಯಾ ಮಗಳೇ,” ಎಂದ ಹನುಮಂತಪ್ಪ. “ನಿನ್ನೆಯಿಂದ ಅವಳು ನನ್ನ ಮೈ ಕೆಳಗಿಂದ ಕರೀತಾ ಅವಳೆ. ಉಪ್ಪಿನ ಮಾತು ಆಡೋ ತನಕ ನಾನು ಓಗೊಡಲಿಲ್ಲ.”

ಕೋಲನ್ನು ಚಪ್ಪಡಿಯಡಿ ತೂರಿಸಿದರು. ತಿಪ್ಪೇರುದ್ರ ಮೀಟಿದ, ಪ್ರವೀಣ್ ಕುಮಾರ್ ಭುಜ ಕೊಟ್ಟ. ಚಪ್ಪಡಿ ಕೂದಲೆಳೆಯಷ್ಟು ಎದ್ದಿತು. ಅರ್ಪಿತಾ ಕಲ್ಲಿನ ಚೂರು ಸಿಕ್ಕಿಸಿದಳು. ಮತ್ತೆ ಮೀಟು, ಮತ್ತೆ ಚೂರು. ಮುಷ್ಟಿಯಷ್ಟು ಜಾಗವಾದಾಗ ಅವಳು ಅಪ್ಪನ ಕಂಕುಳ ಹಿಡಿದು ಎಳೆದಳು. ಅವನ ಕೂಗು ಗವಿಯ ತುಂಬ ತುಂಬಿತು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಬೆರಳುಗಳಲ್ಲಿ ಮಾತ್ರ ಇನ್ನೂ ಬಿಸಿಯಿತ್ತು. ಎರಡು ಕಡ್ಡಿ, ಪ್ರವೀಣನ ಬೆಲ್ಟು, ತನ್ನ ವೇಲು ಸೇರಿಸಿ ಕಾಲು ಕಟ್ಟಿದಳು. ಅವನದೇ ಕಂಬಳಿಯಲ್ಲಿ ಹಾಕಿಕೊಂಡು ಎಳೆಯುತ್ತ, ಎತ್ತುತ್ತ ಹೊರಟರು. ಹಿಂದೆ ಗಂಟೆಯಾಡಿಸುತ್ತ ಮೇಕೆ; ಅರ್ಪಿತಾಳ ಬೆನ್ನಚೀಲದಲ್ಲಿ ಮರಿ.

ಹೊರಗಿನ ಬೆಳಕು ಕಂಡಿತು. ಆ ಬೆಳಕಿಗೆ ಅಡ್ಡವಾಗಿ ಒಂದು ಕಪ್ಪು ಗುಡ್ಡೆ ನಿಂತಿತ್ತು.

ಕರಡಿ.

ತಿಪ್ಪೇರುದ್ರ ಕೈ ಎತ್ತಿದ. ಎಲ್ಲರೂ ಕಲ್ಲಾದರು. ಕರಡಿ ಮೂತಿ ಎತ್ತಿ ಗಾಳಿ ಮೂಸಿತು. ಮೇಕೆಯ ಗಂಟೆ ಟಿಣ್ ಎಂದಿತು. ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು.

ಕಂಬಳಿಯನ್ನು ಉಸಿರು ಬಿಡದೆ ನೆಲಕ್ಕಿಳಿಸಿದರು. ಹನುಮಂತಪ್ಪನ ಸೊಂಟದ ಎಲೆಯಡಿಕೆ ಚೀಲ ಕಲ್ಲಿಗೆ ಉಜ್ಜಿ ಉಜ್ಜಿ ಒತ್ತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಆ ಕತ್ತಲ ಗವಿಯ ನಡುವಿನಿಂದ, ನೂರು ಮೂಲೆಗಳಿಗೂ ಬಡಿದು ದೊಡ್ಡದಾಗುತ್ತ, ಹೆಣ್ಣುದನಿಯೊಂದು ಎದ್ದಿತು.

“ಹನುಮಂತಪ್ಪಾ! ಹನುಮಂತಪ್ಪಾ! ಹನುಮಂತಪ್ಪಾ! ಉಪ್ಪುಂಡ ಬಾಯಿ ಕರೀತೈತೆ!”

ಕರಡಿ ಬೆಚ್ಚಿ ಒಂದು ಪಲ್ಟಿ ಹೊಡೆದು, ಪೊದೆಗಳನ್ನು ಮುರಿಯುತ್ತ ಇಳಿಜಾರಿನಲ್ಲಿ ಕಾಣೆಯಾಯಿತು.

“ಓ, ತಾಯಿ!” ಎಂದ ಹನುಮಂತಪ್ಪ ಚೀಲದತ್ತ ಬಾಗಿ, ಗಟ್ಟಿಯಾಗಿ. “ಸಿಕ್ಕಿದೀನಿ ಕಣವ್ವ!”

ಪ್ರವೀಣ್ ಕುಮಾರ್ ಗೋಡೆಗೊರಗಿ ಕುಸಿದು, ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದ. ಅರ್ಪಿತಾ ಚೀಲದಿಂದ ಫೋನು ತೆಗೆದು ಮಾಲಾಳಿಗೆ ವಿಷಯ ತಿಳಿಸಿ, ಗುಡ್ಡದ ಬುಡಕ್ಕೆ ಆಂಬುಲೆನ್ಸ್ ಕಳಿಸಲು ಹೇಳಿದಳು.

ಗಿಡ್ಡಮ್ಮನನ್ನು ಕೂಡಿಕೊಂಡು, ಮೇಕೆಗಳ ದಾರಿ ಹಿಡಿದಿಳಿದು ಬುಡ ಮುಟ್ಟಿದಾಗ ಸೂರ್ಯ ಬೋರೆಯ ಅಂಚಿಗೆ ಕುಳಿತಿದ್ದ. ಉಪ್ಪುಗಲ್ಲಿನ ಹತ್ತಿರ ಆಂಬುಲೆನ್ಸಿನ ದೀಪ ತಿರುಗುತ್ತಿತ್ತು. ನೀರು ಏರಿಸಿದ ಮೇಲೆ ಹನುಮಂತಪ್ಪನ ಮುಖಕ್ಕೆ ಕಳೆ ಬಂತು.

“ಆ ಹೆಣ್ಣುಮಗಳು ಯಾರೇ?”

“ಮಾಲಾ ಅಂತ. ಸಾಸ್ವೆಹಳ್ಳಿಯೋರು.”

“ಊಟ ಮಾಡ್ಯಾಳಾ?”

“ಮಧ್ಯಾಹ್ನದಿಂದ ಕುರ್ಚಿ ಬಿಟ್ಟು ಎದ್ದಿಲ್ವಂತೆ.”

“ಉಪ್ಪುಂಡ ಬಾಯಿ ಅಂತ ಸುಳ್ಳು ಹೇಳಿದ್ಲಾ ಹಂಗಾರೆ!” ಎಂದು ಅವನು ನಕ್ಕ. ನಕ್ಕದ್ದು ಕಾಲಿಗೆ ನೋವಾಗಿ ಮುಖ ಕಿವುಚಿದ.

“ಈ ಬೀಗ ತೆಗೆದುಬಿಡ್ಲಾ ಅಪ್ಪಾ?”

ಅವನು ಆ ಫೋನನ್ನು ಹಿಂದುಮುಂದು ಮಾಡಿ ನೋಡಿದ. “ಇರ್ಲಿ ಬಿಡು. ಬೀಗ ಇದ್ರೂ ಕೂಗು ಹೋಗ್ತೈತಲ್ಲ.”

ಗಿಡ್ಡಮ್ಮ ಗಂಟಿನಲ್ಲಿ ಉಳಿದಿದ್ದ ಉಪ್ಪನ್ನೆಲ್ಲ ಬಂಡೆಯ ಮೇಲೆ ಸುರಿದಳು. ಮೇಕೆ, ಮರಿ ಪೊಲೀಸ್ ಗಾಡಿಯ ಹಿಂದಿನ ಸೀಟು ಹತ್ತಿದವು. ತಿಪ್ಪೇರುದ್ರ ಆಂಬುಲೆನ್ಸಿನ ಒಂದು ಬಾಗಿಲು ಮುಚ್ಚಿದ. ಒಳಗೆ ಅಪ್ಪನ ಪಕ್ಕ ಕುಳಿತ ಅರ್ಪಿತಾ ಇನ್ನೊಂದಕ್ಕೆ ಕೈ ಹಾಕಿದಳು.

“ಅರ್ಪಿತಾ...”

ಮೇಲಿನಿಂದ. ಗುಡ್ಡದ ಮೇಲಿನಿಂದ.

ಅವಳು ಅಪ್ಪನನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಪ್ರವೀಣ್ ಕುಮಾರ್, ತಿಪ್ಪೇರುದ್ರ, ಇಬ್ಬರೂ ಕೈಯಳತೆಯಲ್ಲೇ ನಿಂತಿದ್ದರು. ಅವಳ ಹೆಸರನ್ನು ಆ ದಿನ ಗುಡ್ಡದ ಮೇಲೆ ಒಂದೇ ಒಂದು ಸಲ ಆಡಲಾಗಿತ್ತು. ಆಡಿದವಳು ಅವಳೇ.

“ಅರ್ಪಿತಾ...”

ಎಷ್ಟು ಅಕ್ಕರೆಯ ದನಿ ಅದು! ಬೆಳಗಿನಿಂದ ಯಾರಿಗಾಗಿಯೋ ಕೂಗಿ ಕೂಗಿ ಬಳಲಿದವರ ದನಿ. ಉತ್ತರ ಅವಳ ನಾಲಗೆಯ ತುದಿಗೆ ಬಂದಿತ್ತು. ಅಲ್ಲಿ ಬೆಳಗಿನ ಉಪ್ಪಿನ ರುಚಿ ಇನ್ನೂ ಇತ್ತು. ಹನುಮಂತಪ್ಪ ಮಗಳ ಮಣಿಕಟ್ಟು ಹಿಡಿದುಕೊಂಡ.

ಐವರೂ ಕಿವಿಗೊಟ್ಟರು. ದೂರದ ಬೋರೆಯ ಮೇಲೆ ಯಂತ್ರಗಳು ತಿರುಗುತ್ತಿದ್ದವು. ಬಂಡೆಯ ಮೇಲಿನ ಉಪ್ಪು ಸಂಜೆಗೆಂಪಿಗೆ ಹೊಳೆಯುತ್ತಿತ್ತು.

ಮೂರನೆಯದು ಬರಲಿಲ್ಲ.

ಅರ್ಪಿತಾ ಬಾಗಿಲೆಳೆದುಕೊಂಡಳು. ಗಾಡಿ ಜಗಳೂರಿನ ದಾರಿ ಹಿಡಿಯಿತು.